ಐಸಿಯುನಲ್ಲಿ ಟ್ರಾಫಿಕ್ ಡ್ಯೂಟಿ

ನನ್ನ ಎಡ ಮಣಿಕಟ್ಟಿನಲ್ಲಿ ಎರಡು ಚುಕ್ಕೆಗಳಿವೆ. ಬಲ ಮಣಿಕಟ್ಟಿನಲ್ಲಿ ಒಂದು ಚುಕ್ಕೆ, ಅದರ ಅಕ್ಕಪಕ್ಕ ಇರುವೆ ಕಚ್ಚಿದ ಹಾಗೆ ಹೊಲಿಗೆಯ ಗುರುತು. ಯಾರಾದರೂ ಕೇಳಿದರೆ "ಡ್ಯೂಟೀಲಿ ಆಗಿದ್ದು" ಅನ್ನುತ್ತೇನೆ. ಹೆಂಡತಿ ಸಾವಿತ್ರಿ ಪಕ್ಕದಲ್ಲಿದ್ದರೆ ಮುಖ ಆಚೆ ತಿರುಗಿಸಿಕೊಂಡು ನಗುತ್ತಾಳೆ. ಏಕೆಂದರೆ ಆ ಡ್ಯೂಟಿ ನಡೆದದ್ದು ರಸ್ತೆಯಲ್ಲಲ್ಲ, ಆಸ್ಪತ್ರೆಯ ಐಸಿಯುನಲ್ಲಿ, ನನಗೆ ಮೈಮೇಲೆ ಎಚ್ಚರವಿಲ್ಲದಿದ್ದಾಗ.

ಐಸಿಯು ಬಾಗಿಲ ಹೊರಗೆ ಆ ಕಬ್ಬಿಣದ ಕುರ್ಚಿಗಳ ಮೇಲೆ ಕೂತು, ಒಳಗಿರುವ ತಮ್ಮವರು ಹುಚ್ಚರ ಹಾಗೆ ಆಡುತ್ತಿದ್ದಾರಲ್ಲಾ ಎಂದು ಕಣ್ಣೊರೆಸಿಕೊಳ್ಳುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ. ನಾನೂ ಹಾಗೇ ಆಡಿದೆ. ಈಗ ಗಟ್ಟಿಮುಟ್ಟಾಗಿದ್ದೇನೆ. ಇವತ್ತು ಮಧ್ಯಾಹ್ನ ಬಸ್ಸಾರಿನ ಜೊತೆ ಎರಡು ಮುದ್ದೆ ಇಳಿಸಿ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಹೆಸರು ಕೆಂಪರಾಜು. ಹೇರೋಹಳ್ಳಿಯವನು. ಅಪ್ಪನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲ ಈಗ ಸೈಟುಗಳಾಗಿ, ಸೈಟುಗಳು ಮನೆಗಳಾಗಿ, ರಸ್ತೆ ಮಾತ್ರ ಹೊಲದ ಹಾಗೇ ಉಳಿದಿದೆ. ನಾನು ಟ್ರಾಫಿಕ್ ಪೊಲೀಸ್. ಕಾನ್‌ಸ್ಟೇಬಲ್ ಆಗಿ ಸೇರಿ ಈಗ ಎ.ಎಸ್.ಐ. ಆಗಿದ್ದೇನೆ. ಸಿಗ್ನಲ್ ದೀಪ ಬಂದ ಮೇಲೂ, ಕ್ಯಾಮೆರಾ ಬಂದ ಮೇಲೂ, ಮಾಗಡಿ ರಸ್ತೆಯ ನಮ್ಮ ಸರ್ಕಲ್‌ನಲ್ಲಿ ಬೆಳಿಗ್ಗೆ ಸಂಜೆ ಕೈಯೇ ಗತಿ. ಬಲಗೈ ಅಂಗೈ ಮೇಲೆತ್ತಿದರೆ ನಿಲ್ಲಬೇಕು, ಎಡಗೈ ಬೀಸಿದರೆ ಹೊರಡಬೇಕು. ಹರೆಯ ಕಳೆದು ತಲೆ ಬೆಳ್ಳಗಾಗುವ ತನಕ ಈ ಎರಡು ಕೈಗಳು ಇದೊಂದೇ ಕೆಲಸ ಮಾಡಿವೆ.

ನಮ್ಮ ಕೆಲಸದವರಿಗೆ ನೀರು ಅಂದರೆ ಆಗದು. ಕುಡಿದರೆ ಹೋಗಬೇಕು, ಹೋಗಬೇಕೆಂದರೆ ಸರ್ಕಲ್ ಬಿಡಬೇಕು, ಬಿಟ್ಟು ಬರುವಷ್ಟರಲ್ಲಿ ನಾಲ್ಕು ಕಡೆಯೂ ಗಂಟು ಬಿದ್ದಿರುತ್ತದೆ. ಹಾಗಾಗಿ ಸಾವಿತ್ರಿ ದಿನಾ ತುಂಬಿ ಕೊಡುವ ಬಾಟಲಿಯನ್ನು ನಾನು ದಿನಾ ಸಂಜೆ ಬೂತಿನ ಪಕ್ಕದ ಹೊಂಗೆ ಗಿಡಕ್ಕೆ ಸುರಿದು ಬರುತ್ತಿದ್ದೆ. ಗಿಡ ಸೊಂಪಾಗಿ ಬೆಳೆಯಿತು. ನನ್ನ ಹೊಟ್ಟೆಯಲ್ಲಿ ಕಲ್ಲು ಬೆಳೆಯಿತು.

ಒಂದು ಮಧ್ಯಾಹ್ನ ಪಕ್ಕೆಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು, ಹಿಂದೆಯೇ ಚಳಿ. ಉರಿಬಿಸಿಲಲ್ಲಿ ನಿಂತು ನಡುಗುತ್ತಿದ್ದೆ. ಮನೆಗೆ ಬಂದು ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುವುದು ನಿಲ್ಲಲಿಲ್ಲ. ಸಾವಿತ್ರಿ ಹಣೆ ಮುಟ್ಟಿ ನೋಡಿದವಳೇ ಪಕ್ಕದ ಮನೆಯವರ ಕಾರಿನಲ್ಲಿ ಹತ್ತಿರದ ಕ್ಲಿನಿಕ್‌ಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು ಬಿ.ಪಿ. ನೋಡಿದರು, ಮಿಷನ್ ಕೆಟ್ಟಿರಬೇಕೆಂದು ಇನ್ನೊಂದು ತರಿಸಿ ನೋಡಿದರು, ಆಮೇಲೆ ಆಂಬ್ಯುಲೆನ್ಸಿಗೆ ಫೋನ್ ಮಾಡಿದರು.

ಆ ಆಂಬ್ಯುಲೆನ್ಸ್ ರಾಜಾಜಿನಗರದ ಕಡೆ ಹೊರಟು, ಸರಿಯಾಗಿ ನನ್ನದೇ ಸರ್ಕಲ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ನನಗೆ ಕೊನೆಯದಾಗಿ ಸ್ಪಷ್ಟವಾಗಿ ನೆನಪಿರುವುದು ಅದೇ. ಸೈರನ್ ಕೂಗುತ್ತಿದೆ, ಗಾಡಿ ಕದಲುತ್ತಿಲ್ಲ. ಅಲ್ಲಿ ಡ್ಯೂಟಿಯಲ್ಲಿದ್ದವನು ನಮ್ಮ ಕಾನ್‌ಸ್ಟೇಬಲ್ ಮಂಜುನಾಥ. ಒಳಗಿರುವುದು ನಾನು ಅಂತ ಅವನಿಗೆ ಗೊತ್ತಿರಲಿಲ್ಲ. ಒಳಗೆ ಮಲಗಿದ್ದ ನಾನು ಮಾತ್ರ "ಲೆಫ್ಟ್ ಖಾಲಿ ಮಾಡ್ಸೋ, ಲೆಫ್ಟ್ ಖಾಲಿ ಮಾಡ್ಸೋ" ಎಂದು ಕೈ ಬೀಸುತ್ತಲೇ ಇದ್ದೆನಂತೆ.

ಇಲ್ಲಿಂದ ಮುಂದಿನದ್ದರಲ್ಲಿ ಅರ್ಧ ನಾನು ಕಂಡದ್ದು, ಅರ್ಧ ಸಾವಿತ್ರಿ ಹೇಳಿದ್ದು. ನಾನು ಕಂಡದ್ದರಲ್ಲಿ ನಿಜ ಕಡಿಮೆ.

ಕಲ್ಲು ಮೂತ್ರದ ದಾರಿಗೆ ಅಡ್ಡ ಕೂತು ಹಿಂದೆ ಕೀವು ತುಂಬಿಕೊಂಡಿತ್ತು. ಆ ವಿಷ ರಕ್ತಕ್ಕೆ ಇಳಿದು ಬಿ.ಪಿ. ನೆಲ ಕಚ್ಚಿತ್ತು. ಒಳಗೊಂದು ಸಣ್ಣ ನಳಿಕೆ ಇಟ್ಟು ದಾರಿ ಬಿಡಿಸಿ ನನ್ನನ್ನು ಐಸಿಯುಗೆ ತಂದರು. ಬಿ.ಪಿ. ಏರಿಸುವ ಔಷಧಿ ಹನಿಹನಿಯಾಗಿ ಹೋಗುತ್ತಿತ್ತು. ಎಷ್ಟು ಹನಿ ಬೇಕೆಂದು ತಿಳಿಯಲು ಒಂದೊಂದು ಬಡಿತದ ಬಿ.ಪಿ.ಯೂ ಕಾಣುತ್ತಿರಬೇಕಂತೆ. ಅದಕ್ಕೆ ಮಣಿಕಟ್ಟಿನಲ್ಲಿ, ನಾಡಿ ನೋಡುತ್ತಾರಲ್ಲ ಆ ಜಾಗದಲ್ಲಿ, ರಕ್ತನಾಳದೊಳಗೇ ಒಂದು ಪುಟ್ಟ ಕೊಳವೆ ತೂರಿಸಿ ಮಾನಿಟರಿಗೆ ಜೋಡಿಸುತ್ತಾರೆ. ಅಲ್ಲಿಯವರು ಅದನ್ನು "ಲೈನ್" ಅನ್ನುತ್ತಿದ್ದರು. ತೂರಿಸುವುದು ಒಂದು ಕಷ್ಟ. ತೂರಿಸಿದ್ದನ್ನು ಅಲುಗಾಡದಂತೆ ನಿಲ್ಲಿಸುವುದು ಇನ್ನೊಂದು ಕಷ್ಟ.

ಈ ಎರಡನೇ ಕಷ್ಟದ ಮೇಲೆಯೇ ಓದುತ್ತಿದ್ದ ಒಬ್ಬ ಎಳೆಯ ಡಾಕ್ಟರು ಅಲ್ಲಿದ್ದರು. ಹೆಸರು ನಿಖಿಲ್. ಲೈನನ್ನು ಟೇಪಿನಿಂದ ಅಂಟಿಸುವುದು ಒಂದು ಪದ್ಧತಿ, ಚರ್ಮಕ್ಕೆ ಹೊಲಿಯುವುದು ಇನ್ನೊಂದು, ಕೊಳವೆಯನ್ನು ಕಚ್ಚಿ ಹಿಡಿಯುವ ಕೊಂಡಿಯಿರುವ ಹೊಸ ತರದ ಸ್ಟಿಕ್ಕರ್ ಹಾಕುವುದು ಮೂರನೆಯದು. ಯಾವುದು ಚೆನ್ನಾಗಿ ನಿಲ್ಲುತ್ತದೆ ಎಂದು ರೋಗಿಗಳ ಮನೆಯವರ ಒಪ್ಪಿಗೆ ಪಡೆದು, ಚೀಟಿ ಎತ್ತಿ, ಬಂದದ್ದನ್ನು ಹಾಕಿ ಹೋಲಿಸುತ್ತಿದ್ದರು. ಸಾವಿತ್ರಿಯನ್ನೂ ಕೇಳಿದರು.

"ಮೂರ್ರಲ್ಲಿ ಯಾವ್ದು ಗಟ್ಟಿ ಡಾಕ್ಟ್ರೇ?"

"ಅದೇ ಗೊತ್ತಾಗ್ಬೇಕು ಆಂಟಿ. ಅದಕ್ಕೇ ನೋಡ್ತಾ ಇದೀವಿ."

"ಗೊತ್ತಿಲ್ದೇನೆ ಹಾಕ್ತೀರಾ?"

"ಮೂರೂ ಎಲ್ಲಾ ಆಸ್ಪತ್ರೇಲೂ ಹಾಕ್ತಾರೆ ಆಂಟಿ. ಒಬ್ಬೊಬ್ರು ಒಂದೊಂದೇ ಒಳ್ಳೇದು ಅಂತಾರೆ. ನಾವು ಕೂತ್ಕೊಂಡು ನೋಡಣ ಅಂತ."

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ಸಾವಿತ್ರಿ ಅದೇ ಮೊದಲು ನೋಡಿದ್ದು. ಒಪ್ಪಿಕೊಂಡಳು. ಚೀಟಿಯಲ್ಲಿ ಟೇಪ್ ಬಂತು. ಎಡಗೈಗೆ ಲೈನ್ ಹಾಕಿ ಅಡ್ಡಡ್ಡ ಟೇಪ್ ಅಂಟಿಸಿದರು.

ಮಾರನೇ ದಿನ ಜ್ವರ ತಲೆಗೇರಿತು. ಹೊರಗಿನವರಿಗೆ ನಾನು ಬಡಬಡಿಸುತ್ತಿದ್ದೆ, ಒಳಗೆ ನಾನು ಡ್ಯೂಟಿಯಲ್ಲಿದ್ದೆ. ಪಕ್ಕದ ಮಂಚಗಳ ಮಿಷನ್‌ಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಮಾನಿಟರಿನಲ್ಲಿ ಕೆಂಪು ಅಂಕಿ, ಹಸಿರು ಗೆರೆ. ನನ್ನಂಥವನಿಗೆ ಕೆಂಪು ಹಸಿರು ಕಂಡ ಮೇಲೆ ಇನ್ನೇನು ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ದೂರದಲ್ಲೊಂದು ಆಂಬ್ಯುಲೆನ್ಸ್ ಸಿಕ್ಕಿಕೊಂಡಿತ್ತು. ಅದರ ಕೂಗು ನನಗೆ ಕೇಳುತ್ತಲೇ ಇತ್ತು. ಒಳಗೆ ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆ, ನಾನು ದಾರಿ ಬಿಡಿಸದಿದ್ದರೆ ಅವರು ಉಳಿಯುವುದಿಲ್ಲ. ಆ ಭಯ ಎಷ್ಟು ನಿಜವಾಗಿತ್ತು ಅಂದರೆ, ಈಗ ನೆನೆದರೂ ಎದೆ ಹೊಡೆದುಕೊಳ್ಳುತ್ತದೆ.

ನನ್ನನ್ನು ನೋಡಿಕೊಳ್ಳುತ್ತಿದ್ದವರು ಬಾಗಲಕೋಟೆ ಕಡೆಯ ಸಿಸ್ಟರ್ ರೇಣುಕಾ. "ಸಾಹೇಬ್ರ, ಕೈ ಕೆಳಗ ಇಡ್ರೀ. ಇಲ್ಲೆ ಒಂದೂ ಗಾಡಿ ಇಲ್ರೀ. ನೀವು ದವಾಖಾನ್ಯಾಗ ಅದೀರಿ" ಎಂದು ಅವರು ಒಳ್ಳೆಯ ಮಾತಿನಲ್ಲಿ ಹೇಳಿದಷ್ಟೂ ನನಗೆ ಸಿಟ್ಟು ಬರುತ್ತಿತ್ತು. ಕಣ್ಣೆದುರು ಗಾಡಿ ಸಾಲುಗಟ್ಟಿ ನಿಂತಿರುವಾಗ ಗಾಡಿಯೇ ಇಲ್ಲ ಅಂದರೆ ಯಾರು ನಂಬುತ್ತಾರೆ? "ಮೇಡಂ, ಸೈಡಿಗೆ ಹಾಕಿ, ಡಿ.ಎಲ್. ತೋರ್ಸಿ" ಎಂದೆನಂತೆ.

ಆಮೇಲೆ ಎಡಗೈ ಬೀಸಿದೆ. ಬೆವರಿಗೆ ಮೊದಲೇ ಸಡಿಲವಾಗಿದ್ದ ಟೇಪು ಕಿತ್ತುಕೊಂಡು ಬಂತು, ಅದರ ಜೊತೆ ಕೊಳವೆಯೂ ಬಂತು. ಆ ನಾಳದ ರಕ್ತ ಮೆಲ್ಲಗೆ ಸುರಿಯುವುದಿಲ್ಲ, ಚಿಮ್ಮುತ್ತದೆ. ಹಾಸಿಗೆ, ಪರದೆ, ರೇಣುಕಾ ಅವರ ಏಪ್ರನ್, ಎಲ್ಲಕ್ಕೂ ಹೋಳಿ. ಅವರು ಹೆಬ್ಬೆರಳಿಂದ ಒತ್ತಿ ಹಿಡಿದು ನಿಂತರು. ನಿಖಿಲ್ ಡಾಕ್ಟರು ಓಡಿ ಬಂದು ಬಲಗೈಗೆ ಲೈನ್ ಹಾಕಿ, ಈ ಸಲ ಚೀಟಿ ಗೀಟಿ ಎತ್ತದೆ ಹೊಲಿಗೆ ಹಾಕಿದರು.

ಹೊರಗೆ ಕೂತಿದ್ದವರ ಪಾಡು ಬೇರೆ. ಐಸಿಯು ಹೊರಗೆ ಯಾರಿಗೂ ಹೆಸರಿರುವುದಿಲ್ಲ, ಬೆಡ್ ನಂಬರಿನಿಂದಲೇ ಕರೆಯುತ್ತಾರೆ. ಸೆಕ್ಯೂರಿಟಿಯವನು "ಆರನೇ ಬೆಡ್ ಕಡೆಯವ್ರು" ಎಂದರೆ ಸಾವಿತ್ರಿ ಏಳಬೇಕು. ಏಳನೇ ಬೆಡ್ಡಿನವರು ಕೆಂಗೇರಿಯವರು. ಅತ್ತೆಯನ್ನು ಸೇರಿಸಿ ಕೂತಿದ್ದ ಆ ಹೆಣ್ಣುಮಗಳು ದಿನಾ ಎರಡು ಚಪಾತಿ ಹೆಚ್ಚಿಗೆ ತರುತ್ತಿದ್ದಳು. "ತಿನ್ನಿ ಅಕ್ಕ. ನೀವ್ ಬಿದ್ರೆ ಎಂಟನೇ ಬೆಡ್ ನಿಮ್ದೇ ಆಗುತ್ತೆ" ಎಂದು ಗದರಿಸುತ್ತಿದ್ದಳಂತೆ. ಊರುಕೇರಿ ಗೊತ್ತಿಲ್ಲದವರು ಅಲ್ಲಿ ಒಂದೇ ಚಾರ್ಜರಿಗೆ ಫೋನ್ ಸಿಕ್ಕಿಸಿಕೊಂಡು ಒಬ್ಬರ ತಲೆ ಇನ್ನೊಬ್ಬರ ಹೆಗಲಿಗೆ ಒರಗಿಸಿ ನಿದ್ದೆ ಮಾಡುತ್ತಾರೆ.

ನನ್ನ ಅವ್ವನೂ ಬಂದಿದ್ದಳು. ಬರುವಾಗ ಊರ ದೇವರ ಮುಂದೆ ಇಟ್ಟ ಅರಿಶಿನದ ದಾರ ತಂದು, ನನ್ನ ಮಣಿಕಟ್ಟಿಗೇ ಕಟ್ಟಬೇಕು ಎಂದು ಹಟ ಹಿಡಿದಳು. ಮಣಿಕಟ್ಟಿನಲ್ಲಿ ಜಾಗವಿಲ್ಲ ಎಂದರು. "ನೀವು ಅಂಟು ಹಾಕುದ್ರಿ, ಕಿತ್ತೋಯ್ತು. ಈಗ ಹೊಲ್ದಿದೀರಿ. ಅದ್ಯಾಕೆ ನಂದೊಂದ್ ದಾರ ಕಟ್ಟಕ್ಕಾಗಲ್ವಾ?" ಎಂದು ಅವ್ವ ಕೇಳಿದಳು. ರೇಣುಕಾ ಸಿಸ್ಟರ್ ದಾರ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡು, ಗ್ಲೂಕೋಸ್ ಬಾಟಲಿ ನೇತುಹಾಕುವ ಕಂಬಕ್ಕೆ ಬಿಗಿಯಾಗಿ ಕಟ್ಟಿದರು. ಆ ಕಂಬ ಮಾತ್ರ ಕೊನೆಯವರೆಗೆ ಅಲುಗಾಡಲಿಲ್ಲ ಎಂದು ಅವ್ವ ಈಗಲೂ ಹೇಳುತ್ತಾಳೆ.

ಹೊಲಿಗೆ ಚೆನ್ನಾಗಿಯೇ ನಿಂತಿತ್ತು. ಕೆಡಿಸಿದವನು ಮಂಜುನಾಥ.

ಆ ದಿನ ಅವನು ಬೆಳಗಿನ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ನೋಡಲು ಬಂದ. ಸಾವಿತ್ರಿ ತನ್ನ ಸರದಿಯಲ್ಲಿ ಅವನನ್ನು ಒಳಗೆ ಕಳಿಸಿದಳು. ಅವನು ಮೇಲೊಂದು ನೀಲಿ ಗೌನು ಹಾಕಿಕೊಂಡು ಮಂಚದ ಹತ್ತಿರ ಬಂದ. ನನ್ನ ಸ್ಥಿತಿ ನೋಡಿ ಪಾಪ, ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದಾಗ ಪೊಲೀಸಿನವನು ಏನು ಮಾಡುತ್ತಾನೋ ಅದನ್ನೇ ಮಾಡಿದ. ಅಟೆನ್ಷನ್‌ನಲ್ಲಿ ನಿಂತು, ಬೂಟು ಕುಟ್ಟಿ, ಒಂದು ಸೆಲ್ಯೂಟ್ ಹೊಡೆದ.

ಸೆಲ್ಯೂಟ್ ಹೊಡೆದರೆ ವಾಪಸ್ ಕೊಡಬೇಕು. ಅದಕ್ಕೆ ಪ್ರಜ್ಞೆ ಬೇಕಿಲ್ಲ, ಕೈಯಿದ್ದರೆ ಸಾಕು. ನನ್ನ ಬಲಗೈ ಸಟ್ಟನೆ ಹಣೆಗೆ ಹೋಯಿತು. ಲೈನಿನ ವಯರು ಮಂಚದ ಸರಳಿಗೆ ಸಿಕ್ಕಿಕೊಂಡಿತ್ತು. ಹೊಲಿಗೆ ಚರ್ಮದಲ್ಲೇ ಉಳಿಯಿತು, ಕೊಳವೆ ಮಾತ್ರ ಜಾರಿ ಹೊರಗೆ ಬಂತು. ಮಂಜುನಾಥನ ಖಾಕಿ ತೋಳಿನ ಮೇಲೆ ಅವನ ಎ.ಎಸ್.ಐ. ಸಾಹೇಬರ ರಕ್ತ.

"ಯಾರ್ರೀ ಇವ್ರನ್ನ ಒಳಗ ಬಿಟ್ಟೋರು!" ಎಂದು ರೇಣುಕಾ ಕೂಗಿದ್ದು ಹೊರಗೆ ಏಳನೇ ಬೆಡ್ಡಿನವರಿಗೂ ಕೇಳಿತಂತೆ.

ಇದನ್ನು ಈಗ ನಗುತ್ತಾ ಬರೆಯುತ್ತಿದ್ದೇನೆ. ಆಗ ಯಾರೂ ನಗಲಿಲ್ಲ. ಲೈನ್ ಕಿತ್ತಾಗೆಲ್ಲ ಔಷಧಿಯ ಲೆಕ್ಕ ತಪ್ಪುತ್ತಿತ್ತು, ಬಿ.ಪಿ. ಮತ್ತೆ ಕುಸಿಯುತ್ತಿತ್ತು. ಐಸಿಯು ಮುಖ್ಯಸ್ಥೆ ಮೇಡಂ ಬಂದರು. ಎಡಗೈಯಲ್ಲಿ ಹಳೆಯ ಜಾಗಕ್ಕಿಂತ ಸ್ವಲ್ಪ ಮೇಲೆ ಕಷ್ಟಪಟ್ಟು ಮೂರನೇ ಲೈನ್ ಹಾಕಿಸಿದರು. ಈ ಸಲ ಕೊಂಡಿಯ ಸ್ಟಿಕ್ಕರ್, ಮೇಲೆ ಗಾಜಿನಂಥ ತೆಳು ಪಟ್ಟಿ, ಕೈಯಡಿ ಹಲಗೆ. ಆಮೇಲೆ ಹೊರಗೆ ಬಂದು ಸಾವಿತ್ರಿಗೆ ಹೇಳಿದರು.

"ನೋಡಿಮ್ಮ, ಮಣಿಕಟ್ಟಲ್ಲಿ ಇನ್ನು ಜಾಗ ಇಲ್ಲ. ಇದೂ ಹೋದ್ರೆ ತೊಡೆಗೆ ಹಾಕ್ಬೇಕು, ಅದು ಇನ್ನೂ ರಿಸ್ಕು. ಎರಡೂ ಕೈನ ಮಂಚಕ್ಕೆ ಕಟ್ಟಿಬಿಡ್ತೀವಿ."

ಸಾವಿತ್ರಿ ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತಳು. "ಬೇಡಿ ಮೇಡಂ. ಜನ್ಮ ಎಲ್ಲಾ ಕೈ ಎತ್ಕೊಂಡ್ ನಿಂತಿರೋ ಮನುಷ್ಯ. ಕಟ್ಟಿದ್ರೆ ಅವ್ರು ಸುಮ್ನಿರಲ್ಲ, ಬಿಡಿಸ್ಕೊಳಕ್ಕೇ ಜೀವ ಕಳ್ಕೋತಾರೆ. ನಂಗೊತ್ತು ಅವ್ರು."

ಮೇಡಂ ಕಲ್ಲು ಮನಸ್ಸಿನವರಲ್ಲ. ಕಟ್ಟಿಸಿಕೊಂಡ ರೋಗಿಗಳು ಹೇಗೆ ಒದ್ದಾಡುತ್ತಾರೆಂದು ಅವರಿಗೂ ಗೊತ್ತಿತ್ತು. "ಸಂಜೆ ರೌಂಡ್ಸ್ ವರೆಗೆ ಟೈಮ್ ಕೊಡ್ತೀನಿ. ಅಲ್ಲೀವರೆಗೆ ಒಬ್ರು ಕೈ ಹಿಡ್ಕೊಂಡು ಕೂತ್ಕೊಳ್ಳಿ. ಆಗ್ಲೂ ಹಿಂಗೇ ಇದ್ರೆ ಕಟ್ಟಲೇಬೇಕು" ಎಂದು ಒಳಗೆ ಹೋದರು.

ಮಂಜುನಾಥ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಲಗ್ಗೆರೆಯ ಹುಡುಗ, ನನ್ನ ಮನೆಯಲ್ಲಿ ಉಂಡು ಬೆಳೆದವನ ಹಾಗೆ ಇರುವವನು.

"ತಪ್ಪಾಯ್ತು ಅಕ್ಕ."

"ಬಿಡೋ, ನೀನೇನ್ ಬೇಕಂತ ಮಾಡುದ್ಯಾ. ಅಲ್ಲ ಕಣೋ, ಇವ್ರಿಗೆ ನಾನೂ ಹೇಳ್ದೆ, ಸಿಸ್ಟರೂ ಹೇಳುದ್ರು, ಟ್ರಾಫಿಕ್ಕಿಲ್ಲ, ಕೈ ಇಳ್ಸಿ ಅಂತ. ಯಾಕ್ ಇಳ್ಸಲ್ಲ?"

"ಹಂಗಂದ್ರೆ ಇಳ್ಸಲ್ಲ ಅಕ್ಕ. ರಿಲೀಫ್ ಬರ್ದೆ ಸಾರ್ ಯಾವತ್ತೂ ಕೈ ಇಳ್ಸಿಲ್ಲ."

"ಹಂಗಂದ್ರೆ?"

ಮಂಜುನಾಥ ವಿವರಿಸಿದ. ಇದು ಯಾವ ಪುಸ್ತಕದಲ್ಲೂ ಇಲ್ಲ. ಬಿನ್ನಿಪೇಟೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ನಿಂತಾಗ, ಹೆಡ್ ಕಾನ್‌ಸ್ಟೇಬಲ್ ರಾಜಣ್ಣ ಎನ್ನುವವರು ನನಗೆ ಕಲಿಸಿದ್ದು, ನಾನು ಮಂಜುನಾಥನಂಥವರಿಗೆ ಕಲಿಸಿದ್ದು. ಡ್ಯೂಟಿ ಬದಲಾಯಿಸುವವನು ಮುಂದಿನಿಂದ ಬರಬಾರದು, ಪಕ್ಕದಿಂದ ಬಂದು ಮೊಣಕೈ ಮುಟ್ಟಿ "ಬಂದೆ" ಅನ್ನಬೇಕು. ಮೊದಲು ಅವನ ಕೈ ಮೇಲೆ ಹೋಗಬೇಕು, ಆಮೇಲೆ ನಿನ್ನ ಕೈ ಇಳಿಯಬೇಕು. ಎರಡರ ನಡುವೆ ರಸ್ತೆ ಒಂದು ಕ್ಷಣವೂ ಕೈಯಿಲ್ಲದೆ ಇರಬಾರದು. ಮಿಲ್ಲಿನ ಶಿಫ್ಟ್ ಬಿಟ್ಟು ಸೈಕಲ್ಲುಗಳು ನೆರೆ ಹಾಗೆ ನುಗ್ಗುತ್ತಿದ್ದ ಕಾಲದ ಪಾಠ ಅದು. ನಾವು ಈಗಲೂ ಹಾಗೇ ಮಾಡುತ್ತೇವೆ.

ಸಾವಿತ್ರಿ ಪೂರ್ತಿ ಕೇಳಿಸಿಕೊಂಡಳು. "ಹಂಗಾದ್ರೆ ನೀನೇ ಹೋಗಿ ಬಂದೆ ಅನ್ನು" ಎಂದಳು.

"ಸಿಸ್ಟರ್ ನನ್ನ ಒಳಗೆ ಬಿಡಲ್ಲ ಅಕ್ಕ. ಬಿಟ್ರೂ, ನನ್ ನೋಡುದ್ರೆ ಸಾರ್ ಮತ್ತೆ ಸೆಲ್ಯೂಟೇ ಹೊಡೀತಾರೆ."

ಆ ಸಂದಿಗ್ಧದಲ್ಲೂ ಇಬ್ಬರಿಗೂ ನಗು ಬಂತಂತೆ. ಸಾವಿತ್ರಿ ಕಣ್ಣೊರೆಸಿಕೊಂಡು, ಅದೇ ಕಾರಿಡಾರಿನಲ್ಲಿ, ಬಲಗೈ ಹೇಗೆ ಎತ್ತಬೇಕು ಎಂದು ಮಂಜುನಾಥನಿಂದ ಕಲಿತಳು. "ಬೆರಳು ಬಿಡಿಬಿಡಿ ಆಗ್ಬಾರ್ದು ಅಕ್ಕ. ಮೊಣಕೈ ಬಗ್ಬಾರ್ದು. ಹೆದರ್ಕೊಂಡ್ ಎತ್ತುದ್ರೆ ಆಟೋದವನೂ ನಿಲ್ಸಲ್ಲ." ಕೆಂಗೇರಿಯ ಹೆಣ್ಣುಮಗಳು ಚಪಾತಿ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಗಾಡಿಯ ಪಾತ್ರ ವಹಿಸಿದಳಂತೆ. ಆ ಗಾಡಿ ನಿಂತ ಮೇಲೆಯೇ ಮಂಜುನಾಥ ಸಾವಿತ್ರಿಯನ್ನು ಪಾಸ್ ಮಾಡಿದ್ದು.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಇದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಬಿಸಿಲು ಇಳಿಯುವ ಹೊತ್ತು. ನನ್ನ ಕೈ ಸೋತು ಹೋಗಿದೆ. ಯಾರೋ ಹಿಡಿದು ಕೆಳಗೆ ಎಳೆಯುತ್ತಿದ್ದಾರೆ, ನಾನು ಮೇಲೆ ಎತ್ತುತ್ತಿದ್ದೇನೆ. ಆಂಬ್ಯುಲೆನ್ಸ್ ಇನ್ನೂ ಅಲ್ಲೇ ಇದೆ. ಡ್ಯೂಟಿ ಮುಗಿದು ಎಷ್ಟೋ ಹೊತ್ತಾಗಿದೆ, ಯಾರೂ ಬರುತ್ತಿಲ್ಲ. ನನಗೆ ಅಳು ಬರುತ್ತಿತ್ತು. ಆಗ ಎಡ ಮೊಣಕೈಗೆ ಯಾರೋ ಎರಡು ಬೆರಳು ಮುಟ್ಟಿಸಿದರು.

"ಬಂದೆ."

ತಿರುಗಿ ನೋಡಿದರೆ ನೀಲಿ ಗೌನಿನಲ್ಲಿ ನನ್ನ ಹೆಂಡತಿ. ಅವಳು ಮಂಚದಲ್ಲಿ ನನ್ನ ಕಾಲಿನ ಕಡೆಗೆ ಹೋಗಿ, ನನ್ನ ಗಾಡಿಗಳ ಕಡೆ ಮುಖ ಮಾಡಿ ನಿಂತು, ಬಲಗೈ ಎತ್ತಿದಳು. ಬೆರಳು ಜೋಡಿಸಿ, ಮೊಣಕೈ ಬಗ್ಗಿಸದೆ, ಬಳೆಗಳು ತೋಳಿಗೆ ಜಾರುವ ಹಾಗೆ. ನನಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. ಒಳ್ಳೆಯ ಕೈ, ಎಂದುಕೊಂಡೆ.

"ಆಂಬ್ಯುಲೆನ್ಸ್?" ಎಂದು ಕೇಳಿದೆ.

ಆ ಪ್ರಶ್ನೆಗೆ ಮಂಜುನಾಥ ಉತ್ತರ ಹೇಳಿಕೊಟ್ಟಿರಲಿಲ್ಲ. ಅವಳು ಎತ್ತಿದ ಕೈ ಮಾತ್ರ ಇಳಿಸಲಿಲ್ಲ. ಎಡಗೈಯನ್ನು ನಿಧಾನವಾಗಿ ಬೀಸಿ ಯಾವುದನ್ನೋ ಮುಂದೆ ಕಳಿಸಿ, "ಹೋಯ್ತು ಕಣ್ರೀ. ನಾನೇ ಬಿಟ್ಟೆ. ಒಳಗಿದ್ದೋರು ಹುಷಾರಾಗಿದಾರಂತೆ. ನೀವ್ ಹೊರಡಿ" ಎಂದಳು.

ನಾನು ಕೈ ಇಳಿಸಿದೆ. ಹಲಗೆಯ ಮೇಲೆ ಎಡಗೈ, ಹೊಟ್ಟೆಯ ಮೇಲೆ ಬಲಗೈ. ಆಮೇಲೆ ಬಂದದ್ದು ಎಂಥ ನಿದ್ದೆ ಅನ್ನುತ್ತೀರಿ! ಸಂಜೆ ಮೇಡಂ ರೌಂಡ್ಸಿಗೆ ಬಂದಾಗ ಆರನೇ ಬೆಡ್ಡಿನ ರೋಗಿ ಗೊರಕೆ ಹೊಡೆಯುತ್ತಿದ್ದ, ಅವನ ಹೆಂಡತಿ ಅವನ ಕಾಲಿನ ಕಡೆ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದಳು. ಇಳಿಸಿದರೆ ನಾನು ಏಳುತ್ತೇನೋ ಎಂದು ಅವಳಿಗೆ ಭಯ.

"ಏನಮ್ಮಾ ಇದು?" ಎಂದರು ಮೇಡಂ.

"ಡ್ಯೂಟಿ ಮೇಡಂ. ನನಗೂ ರಿಲೀಫ್ ಬೇಕು, ಕೈ ಸತ್ತೋಗ್ತಿದೆ."

ರೇಣುಕಾ ಸಿಸ್ಟರ್ ಬಂದು ಅವಳ ಮೊಣಕೈ ಮುಟ್ಟಿ "ಬಂದೀನ್ರೀ ಅಕ್ಕಾರ" ಎಂದು ತನ್ನ ಕೈ ಎತ್ತಿದರು. ಮೇಡಂ ಲೈನ್ ನೋಡಿದರು, ಮಾನಿಟರ್ ನೋಡಿದರು. ಕಟ್ಟುವ ಮಾತು ಎತ್ತಲೇ ಇಲ್ಲ.

ಅಂದಿನಿಂದ ನಮ್ಮ ಐಸಿಯುನಲ್ಲಿ ಒಂದು ಹೊಸ ಪದ್ಧತಿ ಬಂತು. ಶಿಫ್ಟ್ ಬದಲಾಗುವಾಗ ಹೊಸ ಸಿಸ್ಟರ್ ನನ್ನ ಮೊಣಕೈ ಮುಟ್ಟಿ "ಬಂದೆ ಸಾರ್" ಅನ್ನುವುದು, ಕೈ ಎತ್ತಿ ತೋರಿಸುವುದು. ಕೇರಳದಿಂದ ಬಂದಿದ್ದ ಒಬ್ಬ ಸಿಸ್ಟರಿಗೆ ಕನ್ನಡ ಅಷ್ಟಾಗಿ ಬಾರದು, ಅವರು ಕಲಿತ ಒಳ್ಳೆಯ ಕನ್ನಡ ಆ ಒಂದು ಮಾತು. ನಾನು ತಲೆಯಾಡಿಸಿ ಮಲಗುತ್ತಿದ್ದೆ. ಮೂರನೇ ಲೈನ್ ಕಿತ್ತು ಬರಲಿಲ್ಲ. ಬೇಡವಾದ ದಿನ ಡಾಕ್ಟರೇ ತೆಗೆದರು.

ಜ್ವರ ಇಳಿದು, ತಲೆ ತಿಳಿಯಾಗಿ, ನಾನು ಮೊದಲು ಕೇಳಿದ್ದು "ಸರ್ಕಲ್ಲಲ್ಲಿ ಯಾರಿದಾರೆ?" ಎಂದು. ಸಾವಿತ್ರಿ "ಇನ್ನೊಂದ್ ಸಲ ಸರ್ಕಲ್ ಅಂದ್ರೆ ನಾನೇ ಕಟ್ ಹಾಕ್ತೀನಿ" ಎಂದಳು. ಆಗಲೇ ಎಲ್ಲ ಕಥೆ ಗೊತ್ತಾದದ್ದು. ನಾನು ದಾರಿ ಬಿಡಿಸಲು ಒದ್ದಾಡುತ್ತಿದ್ದ ಆಂಬ್ಯುಲೆನ್ಸಿನಲ್ಲಿ ಮಲಗಿದ್ದವನು ನಾನೇ ಎಂದು ಹೊಳೆದಾಗ ಸುಮ್ಮನೆ ಅವಳ ಕೈ ಹಿಡಿದುಕೊಂಡು ಅತ್ತೆ. ಖುಷಿಗೇ ಅತ್ತದ್ದು. ಅಳುವಾಗಲೂ ಅವಳು ಇನ್ನೂ ತೆಗೆಯದಿದ್ದ ಆ ಮೂರನೇ ಲೈನಿಗೆ ಕೈ ತಾಗದ ಹಾಗೆ ನೋಡಿಕೊಳ್ಳುತ್ತಿದ್ದಳು.

ಇನ್ನೊಂದು ಸಂತೋಷ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲ ದಿನಗಳಲ್ಲಿ ನನಗೆ ಮೂತ್ರವೇ ಸರಿಯಾಗಿ ಬರುತ್ತಿರಲಿಲ್ಲ, ಕಿಡ್ನಿ ಕೈಕೊಡುತ್ತದೇನೋ ಎಂಬ ಹೆದರಿಕೆ. ಒಂದು ಬೆಳಿಗ್ಗೆ ಚೀಲ ತುಂಬಿತು. ರೇಣುಕಾ ಬಾಗಿಲಿಗೆ ಬಂದು ಸನ್ನೆ ಮಾಡಿದ್ದೇ ತಡ, ಅವ್ವ ಕಾರಿಡಾರಿನ ತುಂಬಾ ಕೇಳುವ ಹಾಗೆ "ನನ್ ಮಗ ಉಚ್ಚೆ ಉಯ್ದ್ನಂತೆ!" ಎಂದು ಕೂಗಿದಳು. ಎಲ್ಲ ಬೆಡ್ಡಿನ ಕಡೆಯವರೂ ಚಪ್ಪಾಳೆ ತಟ್ಟಿದರು. ನಾನು ಎಸ್‌ಎಸ್‌ಎಲ್‌ಸಿ ಪಾಸಾದಾಗಲೂ ಅವ್ವ ಅಷ್ಟು ಸಂಭ್ರಮಿಸಿರಲಿಲ್ಲ.

ಡಿಸ್ಚಾರ್ಜ್ ದಿನ ನಿಖಿಲ್ ಡಾಕ್ಟರು ಬಂದು ಮಂಚದ ತುದಿಗೆ ಕೂತರು. ಮುಖ ಬಾಡಿತ್ತು.

"ಅಂಕಲ್, ನಿಮ್ಮನ್ನ ಯಾವ ಗುಂಪಿಗೆ ಹಾಕೋದು ಅಂತಾನೇ ಗೊತ್ತಾಗ್ತಿಲ್ಲ. ಚೀಟೀಲಿ ಬಂದಿದ್ದು ಟೇಪು. ಆಮೇಲೆ ಹೊಲಿಗೆ. ನಿಂತಿದ್ದು ಸ್ಟಿಕ್ಕರು. ಸ್ಟಿಕ್ಕರೇ ಗೆಲ್ತು ಅಂತ ಬರೆಯೋಣ ಅಂದ್ರೆ, ನಿಲ್ಸಿದ್ದು ಸ್ಟಿಕ್ಕರ್ರಾ, ಆಂಟಿನಾ ಅಂತ ಗೈಡ್ ಕೇಳ್ತಾರೆ."

"ಸತ್ಯ ಏನಪ್ಪಾ?" ಎಂದೆ.

"ಸತ್ಯ ನಂಗೂ ಗೊತ್ತಿಲ್ಲ ಅಂಕಲ್. ಸ್ಟಿಕ್ಕರ್ ಹಾಕಿದ್ ದಿನಾನೇ ಆಂಟಿ ಕೈ ಎತ್ತುದ್ರು. ಯಾವುದ್ರಿಂದ ನಿಲ್ತು ಅಂತ ಒಬ್ಬ ಪೇಷಂಟ್ ಮೇಲೆ ಹೇಳಕ್ಕಾಗಲ್ಲ."

ಆ ಹುಡುಗ ಮತ್ತೆ ಗೊತ್ತಿಲ್ಲ ಎಂದದ್ದು ಸಾವಿತ್ರಿಗೆ ಬಹಳ ಹಿಡಿಸಿತು. ಡಬ್ಬಿಯಿಂದ ಎರಡು ಕೋಡುಬಳೆ ತೆಗೆದು ಅವರ ಕೈಗಿಟ್ಟು, "ನಾಲ್ಕನೇ ಗುಂಪು ಅಂತ ಮಾಡಿ ಬರ್ಕೊಳಪ್ಪ, ಹೆಂಡ್ತಿ ಅಂತ" ಎಂದಳು. ಅವರು ಕೋಡುಬಳೆ ಮುರಿಯುತ್ತಾ ನಕ್ಕುಬಿಟ್ಟರು.

ಈಗ ದಿನಚರಿ ಬದಲಾಗಿದೆ. ಸರ್ಕಲ್ಲಿನಲ್ಲಿ ಮಂಜುನಾಥ ಹೊತ್ತುಹೊತ್ತಿಗೆ ಬಂದು ಮೊಣಕೈ ಮುಟ್ಟುತ್ತಾನೆ, ನಾನು ಬೂತಿಗೆ ಹೋಗಿ ನೀರು ಕುಡಿದು, ಎದುರಿನ ಹೋಟೆಲಿನ ಹಿಂಬದಿಗೆ ಹೋಗಿ ಬರುತ್ತೇನೆ. ಆಮೇಲೆ ನಾನು ಅವನನ್ನು ಕಳಿಸುತ್ತೇನೆ. ಹೊಂಗೆ ಗಿಡ ಸ್ವಲ್ಪ ಸೊರಗಿದೆ.

ಕೊನೆಯದೊಂದು ಹೇಳಿ ಮುಗಿಸುತ್ತೇನೆ. ಮೂತ್ರದ ದಾರಿಯಲ್ಲಿ ಇಟ್ಟಿದ್ದ ನಳಿಕೆಯನ್ನು ತೆಗೆಸಿಕೊಂಡು ಬಂದ ದಿನ ಅದು. ಎಲ್ಲ ಸರಿಯಾಗಿದೆ, ಇನ್ನು ಬರುವುದು ಬೇಡ ಎಂದರು. ಆಸ್ಪತ್ರೆಯಿಂದ ಹೊರಬಂದು ಎದುರಿನ ಬಸ್‌ಸ್ಟಾಪಿಗೆ ದಾಟಬೇಕು. ದೊಡ್ಡ ರಸ್ತೆ, ಸಂಜೆಯ ಟ್ರಾಫಿಕ್ಕು, ಜೀಬ್ರಾ ಪಟ್ಟಿಯ ಬಣ್ಣ ಎಂದೋ ಅಳಿಸಿಹೋಗಿದೆ. ಬೈಕುಗಳು, ಆಟೋಗಳು, ಮುಂದೊಂದು ಬಿಎಂಟಿಸಿ ಬಸ್ಸು. ನಾನು ಮಫ್ತಿಯಲ್ಲಿದ್ದೆ, ಕಾಲಲ್ಲಿ ಇನ್ನೂ ಬಲವಿರಲಿಲ್ಲ. ಆದರೂ ಅಭ್ಯಾಸ. ಫುಟ್‌ಪಾತಿನಿಂದ ಇಳಿದು ಬಲಗೈ ಎತ್ತಿದೆ. ಮೊಣಕೈ ಬಗ್ಗಿತ್ತು. ಯಾರೂ ನಿಲ್ಲಿಸಲಿಲ್ಲ.

ಮೊಣಕೈಗೆ ಎರಡು ಬೆರಳು ತಾಗಿದವು.

"ಬಂದೆ" ಎಂದಳು ಸಾವಿತ್ರಿ.

ಅವಳು ನನ್ನನ್ನು ದಾಟಿ ಎರಡು ಹೆಜ್ಜೆ ಮುಂದೆ ಹೋಗಿ, ಬಸ್ಸಿನ ಕಡೆ ತಿರುಗಿ, ಕೈ ಎತ್ತಿದಳು. ಬಸ್ಸು ಉಸ್ಸೆಂದು ನಿಂತಿತು. ಅದರ ಹಿಂದೆ ಎಲ್ಲವೂ ನಿಂತವು. ನಾನು ನನ್ನ ಕೈ ಇಳಿಸಿದೆ. ನಿಂತ ಗಾಡಿಗಳ ಮುಂದೆ, ಎರಡು ಕೈಯನ್ನೂ ಜೇಬಿನಲ್ಲಿಟ್ಟುಕೊಂಡು, ಊರಿನ ಯಾವ ಮನುಷ್ಯನೂ ದಾಟುವ ಹಾಗೆ ನಿಧಾನವಾಗಿ ದಾಟಿದೆ.

ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನ್ ಆಂಟಿ, ಹೊಸ ಪೋಸ್ಟಿಂಗಾ?"

"ಹೂಂ ಕಣಪ್ಪ" ಎಂದಳು ಅವಳು, ಕೈ ಇಳಿಸದೆ. "ಇವ್ರಿಗೆ ರಿಲೀಫು."